ಮೀಟರಿನಲ್ಲಿ ಉಳಿದ ಅಂಕಿ

ನನ್ನ ಗಂಡನಿಗೆ ಊರೆಲ್ಲಾ ಇಟ್ಟ ಹೆಸರು ಕರೆಂಟಣ್ಣ. ಮೂವತ್ತು ವರ್ಷದಿಂದ ಗಾಡಿಗಳ ಬ್ಯಾಟರಿ, ವೈರಿಂಗ್ ಅಂತಲೇ ಜೀವ ತೇದ ಮನುಷ್ಯ. ಬಾನೆಟ್ ಎತ್ತಿ ಮೂಸಿದರೆ ಸಾಕು, ಬ್ಯಾಟರಿ ಕುದೀತಿದೆಯೋ ಇಲ್ಲವೋ ಹೇಳಿಬಿಡ್ತಾರೆ. ಹಟ ಮಾತ್ರ ಅಪ್ಪನಿಂದ ಬಂದ ಆಸ್ತಿ. "ಕಣ್ಣು ತೋರಿಸ್ಕೊಳ್ಳಿ ರೀ" ಅಂದರೆ, "ನನ್ನನ್ನ ಈಗಲೇ ಮುದುಕ ಮಾಡಬೇಡ" ಅಂತ ಎಗರಿ ಬೀಳ್ತಿದ್ದರು. ಚಹಾನ ಲೋಟದ ಹೊರಗೆ ಸುರಿದಾಗಲೂ ನಾನು ಒರೆಸಿ ಸುಮ್ಮನಾದೆ. ಅಂಗಡಿಯೇ ನಮ್ಮ ಅನ್ನ, ಇವರಿಗೆ ಕಣ್ಣು ಕಾಣಲ್ಲ ಅಂತ ಗೊತ್ತಾದರೆ ಗಿರಾಕಿ ಬರಲ್ಲ ಅಂತ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ.

ಆವತ್ತು ಬೆಳಗ್ಗೆ ಆಂಬುಲೆನ್ಸ್ ಬಂತು.

"ಸ್ಟೇರಿಂಗ್ ಮುಂದಿನ ಕೆಂಪು ಬ್ಯಾಟರಿ ದೀಪ ಆಗಾಗ ಹತ್ತುತ್ತೆ ಅಣ್ಣಾ, ಬೇಗ ನೋಡಿ," ಅಂದ ಡ್ರೈವರ್. "ಮೂರು ದಿನದ ಮಗೂನ ದೊಡ್ಡಾಸ್ಪತ್ರೆಗೆ ಒಯ್ಯಬೇಕು. ಉಸಿರಾಟದ ಮಿಷನ್ ಈ ಗಾಡಿ ಕರೆಂಟಿನಲ್ಲೇ ಓಡೋದು."

ಇವರು ಇಂಜಿನ್ ಓಡ್ತಿರುವಾಗ ಬ್ಯಾಟರಿಗೆ ವೋಲ್ಟ್ ಮೀಟರ್ ಹಿಡಿದು, ಅಂಕಿ ಅಳಿಯದ ಹಾಗೆ ಗುಂಡಿ ಒತ್ತಿ, ಮೂಗಿನ ಹತ್ತಿರ ತಂದು ನೋಡಿದರು. "ಹದಿನಾಲ್ಕು ಪಾಯಿಂಟ್ ಎರಡು. ಚಾರ್ಜಿಂಗ್ ಚೆನ್ನಾಗಿದೆ. ದೀಪದ ವೈರ್ ಸಡಿಲ ಇರಬೇಕು. ಹೊರಡಪ್ಪಾ."

ಹತ್ತು ನಿಮಿಷ ಆಗಿರಬಹುದು, ಮೇಜು ಒರೆಸುವಾಗ ಆ ಮೀಟರ್ ಕೈಗೆ ಬಂತು. ಅಂಕಿ ಹಾಗೇ ನಿಂತಿತ್ತು. 12.4.

ಇಂಜಿನ್ ಓಡ್ತಿದ್ದರೆ ಹದಿನಾಲ್ಕರ ಆಸುಪಾಸು ಇರಬೇಕು ಅಂತ ನನಗೂ ಗೊತ್ತು. ಹನ್ನೆರಡೂವರೆಯೂ ಇಲ್ಲ ಅಂದರೆ ಬ್ಯಾಟರಿಗೆ ಕರೆಂಟ್ ತುಂಬಿಸೋ ಆಲ್ಟರ್ನೇಟರ್ ಏನೂ ಕೊಡ್ತಿಲ್ಲ, ಬ್ಯಾಟರಿ ಇದ್ದಿದ್ದನ್ನೇ ತಿಂದು ಮುಗಿಸ್ತಿದೆ.

"ರೀ, ಇದು ಹದಿನಾಲ್ಕಾ?"

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಮುಖ ಬಿಳಿಚಿಕೊಂಡಿತು.

ನಾನು ಡ್ರೈವರಿಗೆ ಫೋನ್ ಹಚ್ಚಿದೆ, ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿ, "ಅಕ್ಕಾ, ಸೈರನ್ ಸದ್ದೇ ಸಣ್ಣಗಾಗ್ತಿದೆ!" ಅಂದ. ಇವರು ಫೋನ್ ಕಿತ್ತುಕೊಂಡರು. "ಇಂಜಿನ್ ಮಾತ್ರ ನಿಲ್ಲಿಸಬೇಡ ಮಾರಾಯಾ! ಸೈರನ್, ಏಸಿ, ಲೈಟು ಎಲ್ಲಾ ಆಫ್ ಮಾಡು. ಮುಂದಿನ ಪೆಟ್ರೋಲ್ ಬಂಕಲ್ಲಿರು, ಬಂದೆ."

ಸ್ಕೂಟರ್ ಓಡಿಸಿದ್ದು ನಾನು. ಇವರು ಹಿಂದೆ, ತೊಡೆ ಮೇಲೆ ಫುಲ್ ಚಾರ್ಜ್ ಆದ ಬ್ಯಾಟರಿ. ಮಗುವಿಗೆ ಏನಾದರೂ ಆದರೆ ಅನ್ನೋದೊಂದೇ ತಲೆಯಲ್ಲಿ.

ಬಂಕಿನಲ್ಲಿ ಮಿಷನ್ ಆಗಲೇ ನಿಂತಿತ್ತು. ನರ್ಸ್ ಒಂದು ರಬ್ಬರ್ ಚೀಲ ಒತ್ತುತ್ತಾ ಮಗುವಿಗೆ ಉಸಿರು ಕೊಡ್ತಿದ್ದಳು. ಇವರು ಮಿಷನ್ನಿನ ವೈರನ್ನ ಕೈಯಲ್ಲೇ ತಡವಿ ಹುಡುಕಿ ನೇರ ನಮ್ಮ ಬ್ಯಾಟರಿಗೆ ಹಚ್ಚಿದರು. ಮಿಷನ್ ಕೂಗಿ ಎದ್ದಿತು.

"ಗಾಡಿ ಚೆನ್ನಾಗಿದೆ ಅಂದಿದ್ದು ಯಾರು?" ಅಂದಳು ನರ್ಸ್.

"ನಾನೇ ತಾಯಿ. ನನಗೆ ಅಂಕಿ ಕಾಣಲಿಲ್ಲ."

ಅವಳು ತಿರುಗಿಯೂ ನೋಡಲಿಲ್ಲ. ಆಂಬುಲೆನ್ಸಿನವರು ಬಾಗಿಲು ಮುಚ್ಚಿ, ನಮ್ಮ ಬ್ಯಾಟರಿ ಸಮೇತ ಹೊರಟರು.

ಮಧ್ಯಾಹ್ನ ಡ್ರೈವರ್ ಫೋನ್ ಮಾಡಿದ. ಮಗು ಆಸ್ಪತ್ರೆ ಸೇರಿತ್ತು, ಉಸಿರಾಡ್ತಿತ್ತು. ಹೋದ ಜೀವ ಬಂದ ಹಾಗಾಯ್ತು. ಆಮೇಲೆ ಇವರನ್ನ ಕೇಳಿದೆ, "ಎಷ್ಟು ದಿನದಿಂದ ಹೀಗೆ ಕಣ್ಣು ಮಂಜು?"

"ಒಂದು ವರ್ಷ ಆಯ್ತು ಕಣೇ," ಅಂದರು ನೆಲ ನೋಡ್ತಾ.

ಒಂದು ವರ್ಷ! ಅಷ್ಟರಲ್ಲಿ ಎಷ್ಟು ಗಾಡಿಗೆ ಚೆನ್ನಾಗಿದೆ ಅಂದಿದ್ದೇವೋ! ಗಿರಾಕಿಗಳ ನಂಬರಿನ ಪುಸ್ತಕ ತೆಗೆದು ಮೊದಲನೆಯದಕ್ಕೆ ಫೋನ್ ಹಚ್ಚಿದೆ. ಅದು ಶಾಲೆ ಮಕ್ಕಳ ವ್ಯಾನು. ರಿಂಗ್ ಆಗ್ತಾನೇ ಇತ್ತು, ಯಾರೂ ಎತ್ತಲಿಲ್ಲ.