ಹೊಂಡದ ಮೇಲೆ ಸನ್ಮಾನ

ಆಕೆ ಆ ಮಾತನ್ನು ಮೈಕಿನಲ್ಲಿ ಹೇಳಿದಳೋ, ವೇದಿಕೆ ಇಳಿದ ಮೇಲೆ ನನ್ನೊಬ್ಬನಿಗೇ ಹೇಳಿದಳೋ, ಈಗ ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಆಕೆ ಮೈಕಿನ ಮುಂದೆಯೇ ನಿಂತಿದ್ದಾಳೆ, ಮಾತು ಮುಗಿದ ಕೂಡಲೇ ಜನ ಚಪ್ಪಾಳೆ ತಟ್ಟುತ್ತಾರೆ. ಅಂಥ ಮಾತಿಗೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ? ಅಂದು ಜೊತೆಗಿದ್ದ ಸಹೋದ್ಯೋಗಿಯೊಬ್ಬರನ್ನು ಕೇಳಿದರೆ, ಆಕೆ ಧನ್ಯವಾದ ಹೇಳಿ ಕೂತಳು, ಅಷ್ಟೇ ಅನ್ನುತ್ತಾರೆ. ಸಿಟ್ಟು ಬಂದವನ ನೆನಪನ್ನು ನಂಬಬಾರದು. ಹಾಗಾಗಿ ಕಂಡದ್ದನ್ನೂ ನಾನು ಊಹಿಸಿಕೊಂಡದ್ದನ್ನೂ ಆದಷ್ಟು ಬೇರೆ ಮಾಡಿ ಹೇಳಲು ನೋಡುತ್ತೇನೆ.

ಆಗ ನಾನು ಮೂಡುಬಿದಿರೆಯಲ್ಲಿ ಜೀವವಿಜ್ಞಾನ ವಿಭಾಗವೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಬಂಟ್ವಾಳದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನಮ್ಮ ವಿಭಾಗಕ್ಕೆ 'ಸುದ್ದಿ ಮತ್ತು ಸಾಧನೆ' ಎಂಬ ಪುಟ್ಟ ಪತ್ರಿಕೆ ಇತ್ತು. ಸುದ್ದಿಯ ಪುಟ ಹೇಗಾದರೂ ತುಂಬುತ್ತಿತ್ತು. ಸಾಧನೆಯ ಪುಟ ತುಂಬುವುದೇ ಕಷ್ಟ. ಮುಖ್ಯಸ್ಥರು ಪ್ರತಿ ಸಭೆಯನ್ನೂ ಒಂದೇ ಪ್ರಶ್ನೆಯಿಂದ ಶುರು ಮಾಡುತ್ತಿದ್ದರು: "ಈ ಸಲ ಸಾಧನೆ ಎಂತ ಉಂಟು?" ಯಾರೂ ಬಾಯಿ ಬಿಡದಿದ್ದರೆ ಅವರೇ ಹುಡುಕುತ್ತಿದ್ದರು. ಶಾಲೆಯ ಚಿತ್ರಕಲಾ ಸ್ಪರ್ಧೆಗೆ ಯಾರೋ ತೀರ್ಪುಗಾರರಾಗಿ ಹೋದದ್ದು ಸಾಧನೆಯಾಗುತ್ತಿತ್ತು. ಪ್ರಯೋಗಾಲಯಕ್ಕೆ ನೀರಿನ ಫಿಲ್ಟರ್ ಬಂದದ್ದೂ ಒಮ್ಮೆ ಸಾಧನೆಯಾಯಿತು, ಫಿಲ್ಟರಿನ ಪಕ್ಕದಲ್ಲಿ ಅವರು ನಿಂತ ಫೋಟೊ ಸಮೇತ.

ಇಂಥ ಕಡೆ ಆಕೆ ನಿಜವಾಗಿಯೂ ಏನನ್ನೋ ಕಂಡುಹಿಡಿದುಬಿಟ್ಟಳು.

ಆಕೆ ಕನ್ಯಾನದ ಹುಡುಗಿ, ನಮ್ಮಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಮಾತು ಕಡಿಮೆ. ಗಲ್ಫಿನಲ್ಲಿದ್ದ ಅಣ್ಣ ಕಳಿಸಿಕೊಟ್ಟ ಕ್ಯಾಮರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮಳೆಯಲ್ಲಿ ಪಾದೆ ಸುತ್ತುತ್ತಿದ್ದಳು. ಪಾದೆ ಅಂದರೆ ಮುರಕಲ್ಲಿನ, ಎಂದರೆ ಜಂಬಿಟ್ಟಿಗೆ ಕಲ್ಲಿನ, ಬೋಳು ಬಯಲು. ಮಳೆಗಾಲದಲ್ಲಿ ಅದರ ತಗ್ಗುಗಳಲ್ಲಿ ಮೊಣಕಾಲೂ ಮುಳುಗದಷ್ಟು ನೀರು ನಿಲ್ಲುತ್ತದೆ. ಸಿದ್ಧಕಟ್ಟೆಯಿಂದ ಸ್ವಲ್ಪ ಒಳಗೆ ಅಂಥದೊಂದು ಹೊಂಡದಲ್ಲಿ ಆಕೆಗೆ ಕೂದಲಿನಷ್ಟು ಸಪೂರ ಎಲೆಗಳ ಗಿಡವೊಂದು ಸಿಕ್ಕಿತು. ನೋಡಿದರೆ ಹುಲ್ಲು, ಆದರೆ ಹುಲ್ಲಲ್ಲ, ಜರೀಗಿಡಗಳ ದೂರದ ನೆಂಟ. ನಮ್ಮ ತಾಲೂಕುಗಳಲ್ಲಿ ಅದನ್ನು ಯಾರೂ ದಾಖಲಿಸಿರಲಿಲ್ಲ. ಸುತ್ತಲಿನ ಬೇರೆ ಹೊಂಡಗಳಲ್ಲಿ ಅದು ಇರಲಿಲ್ಲ. ಎರಡು ಮಳೆಗಾಲ ಆಕೆ ಅದನ್ನು ಗಮನಿಸಿದಳು. ಮೂರನೆಯದೂ ಮುಗಿದರೆ ಪ್ರಬಂಧ ಮುಗಿದ ಹಾಗೆ.

ಮುಖ್ಯಸ್ಥರಿಗೆ ಮೂರನೆಯ ಮಳೆಗಾಲದ ತನಕ ತಾಳ್ಮೆ ಇರಲಿಲ್ಲ. ಪತ್ರಿಕೆಗಳಿಗೆ ಸುದ್ದಿ ಹೋಯಿತು. ಆಮೇಲೆ ಸನ್ಮಾನ. ನಮ್ಮ ಕಡೆ ಸನ್ಮಾನವಿಲ್ಲದೆ ಯಾವ ಸಾಧನೆಯೂ ಪೂರ್ತಿಯಾಗುವುದಿಲ್ಲ. ಶಾಲು, ಪೇಟ, ಹಣ್ಣಿನ ತಟ್ಟೆ, ಫಲಕ ಇಷ್ಟೂ ಬೇಕು. ಸಭಾಂಗಣದಲ್ಲಿ ಮಾಡಿದರೆ ಪತ್ರಿಕೆಯವರು ಒಳಪುಟಕ್ಕೆ ಹಾಕುತ್ತಾರೆ, ಗಿಡ ಸಿಕ್ಕಿದ ಜಾಗದಲ್ಲೇ ಮಾಡುವ ಎಂದು ಅವರು ತೀರ್ಮಾನಿಸಿದರು. ಗುರುವಾಯನಕೆರೆಯಲ್ಲಿ ಹೋಟೆಲ್ ಇಟ್ಟಿದ್ದ ಅವರ ನೆಂಟರೊಬ್ಬರು ಶಾಮಿಯಾನ, ಕುರ್ಚಿ, ಊಟದ ಜವಾಬ್ದಾರಿ ಹೊತ್ತರು. ನೆಲ ಏರುತಗ್ಗಾಗಿದೆ, ಕುರ್ಚಿ ನಿಲ್ಲುವುದಿಲ್ಲ ಎಂದು ಜೆಸಿಬಿ ತರಿಸಿದವರೂ ಅವರೇ.

ಬೇಸಗೆಯ ಕೊನೆ. ನಾನು ತಲುಪುವಾಗ ಕಾರ್ಯಕ್ರಮ ಶುರುವಾಗಿತ್ತು. ವೇದಿಕೆಯ ಹಿಂದೆ ಫ್ಲೆಕ್ಸ್, ಫ್ಲೆಕ್ಸಿನಲ್ಲಿ ಮುಖ್ಯಸ್ಥರ ಮುಖ ದೊಡ್ಡದು, ಗಿಡ ಸಣ್ಣದು. ಆಕೆಯ ತಲೆವಸ್ತ್ರದ ಮೇಲೆ ಪೇಟ ಇಡುವುದು ಹೇಗೆ ಎಂದು ವೇದಿಕೆಯಲ್ಲಿ ಸಣ್ಣ ಗೊಂದಲವಾಯಿತು. ಕೊನೆಗೆ ಅದನ್ನು ಆಕೆಯ ಮಡಿಲಲ್ಲಿ ಇಟ್ಟರು. ಆಕೆ ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ. ಕಾಲ ಕೆಳಗಿನ ಹೊಸ ಕೆಂಪು ಮಣ್ಣನ್ನು ನೋಡುತ್ತಿದ್ದಳು.

ನನಗೆ ಖಚಿತವಿಲ್ಲದ ಮಾತು ಬಂದದ್ದು ಆಮೇಲೆ. ಎಲ್ಲಿ ಹೇಳಿದರೂ ಹೇಳಿದ್ದು ಇಷ್ಟು: "ಆ ಹೊಂಡ ಇದೇ. ನನ್ನ ಕುರ್ಚಿ ಅದರ ಮೇಲೆಯೇ ಉಂಟು."

ಊಟದ ಪಂಕ್ತಿಯಲ್ಲಿ ನಾನು ಮುಖ್ಯಸ್ಥರ ಹತ್ತಿರ ಹೋಗಿ ಹೊಂಡ ಮುಚ್ಚಿಸಿದ್ದು ಯಾಕೆ ಎಂದು ಕೇಳಿದೆ. ಈ ಭಾಗದಲ್ಲಿ ನನ್ನ ನೆನಪು ಸರಿಯಾಗಿದೆ, ಯಾಕೆಂದರೆ ಅವರು ಬಡಿಸುವವರನ್ನು ಕರೆದು ನನಗೆ ಪಾಯಸ ಹಾಕಿಸಿದರು.

"ಒಣ ಹೊಂಡ ಅಲ್ಲವಾ ಮಾರಾಯ್ರೆ," ಅಂದರು. "ಅದರಲ್ಲಿ ಎಂತ ಗಿಡ ಇತ್ತು? ಒಂದು ಎಲೆ ಇತ್ತಾ ಹೇಳಿ."

"ಗಡ್ಡೆ ಮಣ್ಣಿನ ಅಡಿಯಲ್ಲಿ ಇರ್ತದೆ ಸರ್. ಬೀಜಕಗಳೂ ಅಲ್ಲೇ. ಮಳೆ ಬಂದರೆ ಮಾತ್ರ ಚಿಗುರುವುದು."

"ಹಾಗಾದರೆ ಮಳೆ ಬರಲಿ, ಚಿಗುರ್ತದೆ. ಈಗ ಊಟ ಮಾಡುವ."

ನೆಲದಡಿ ಗಡ್ಡೆ ಮಲಗಿರುತ್ತದೆ ಎಂಬುದು ಪದವಿಯ ಮೊದಲ ವರ್ಷದ ಪಾಠ. ಅದನ್ನು ಕಲಿಸುವ ವಿಭಾಗದ ಮುಖ್ಯಸ್ಥರೇ ಅದರ ಮೇಲೆ ಲೋಡುಗಟ್ಟಲೆ ಮಣ್ಣು ಹಾಕಿಸಿ, ಚಕ್ರದಿಂದ ಒತ್ತಿಸಿ, ಆ ಗಿಡ ಕಂಡವಳಿಗೇ ಶಾಲು ಹೊದೆಸಿದ್ದರು. ಹೋಟೆಲಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಅದು ತಗ್ಗು, ಅಷ್ಟೇ. ಯಾರಿಗೆ ಗೊತ್ತಿರಬೇಕೋ ಅವರಿಗೆ ಗೊತ್ತಿಲ್ಲದಿದ್ದರೆ, ಅಥವಾ ಗೊತ್ತಿದ್ದೂ ಕುರ್ಚಿ ಸರಿಯಾಗಿ ನಿಲ್ಲುವುದೇ ದೊಡ್ಡದಾದರೆ, ಅಂಥವರ ವಿದ್ಯೆಗೆ ಏನು ಹೆಸರಿಡಬೇಕು?

ಮಳೆ ಬಂತು. ಮಣ್ಣು ಕರಗಿ ಹೋದೀತು ಎಂಬ ಆಸೆ ನಮಗಿತ್ತು. ಅದು ಇನ್ನಷ್ಟು ಗಟ್ಟಿಯಾಗಿ ಕೂತಿತು. ನೀರು ಮೇಲಿಂದಲೇ ಹರಿದುಹೋಯಿತು. ನಾವಿಬ್ಬರೂ ಹಾರೆ ಹಿಡಿದು ಒಂದು ಮೂಲೆಯನ್ನು ಅಗೆದೆವು. ಜಲ್ಲಿಯೂ ಸೇರಿದ್ದರಿಂದ ಹಾರೆಗೆ ಬೆಂಕಿಯ ಕಿಡಿ ಹಾರಿತೇ ಹೊರತು ಹಳೆಯ ಕೆಸರು ಸಿಗಲಿಲ್ಲ. ಆಕೆ ಆ ಮಳೆಗಾಲ ಪೂರ್ತಿ ಆ ಪಾದೆಯನ್ನು ಹೊಂಡದಿಂದ ಹೊಂಡಕ್ಕೆ ಹುಡುಕಿದಳು. ಬೆಳ್ತಂಗಡಿ ಕಡೆಯ ಪಾದೆಗಳಿಗೂ ಹೋದಳು. ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ನಾನು ಕೆಲಸ ಬಿಟ್ಟಿದ್ದೆ. ಬಿಡಿಸಿದರು ಎನ್ನುವುದು ಹೆಚ್ಚು ಸರಿ, ಮುಂದಿನ ವರ್ಷಕ್ಕೆ ನನ್ನನ್ನು ಕರೆಯಲಿಲ್ಲ. ಒಂದು ದಿನ ಆಕೆಯ ಫೋನ್ ಬಂತು. ವಿಭಾಗದ ಪತ್ರಿಕೆಯಲ್ಲಿ ಹೊಸ ಸಾಧನೆ ಬಂದಿದೆಯಂತೆ: ಅಪರೂಪದ ಸಸ್ಯಕ್ಕೆ ವಿಭಾಗದ ಅಂಗಳದಲ್ಲಿ ಮರುಜೀವ. ಮುಂಚೆಯೇ ಹೊಂಡದಿಂದ ತಂದಿಟ್ಟಿದ್ದ ಕೆಸರಿನಿಂದ ಸಿಮೆಂಟಿನ ತೊಟ್ಟಿಯಲ್ಲಿ ಗಿಡ ಚಿಗುರಿದೆ ಎಂದು ಮುಖ್ಯಸ್ಥರು ಬರೆದಿದ್ದರು. ಮೂರನೆಯ ಮಳೆಗಾಲದ ಟಿಪ್ಪಣಿಯನ್ನು ತೊಟ್ಟಿ ನೋಡಿ ಬರೆದು ಪ್ರಬಂಧ ಮುಗಿಸು ಎಂದು ಆಕೆಗೆ ಹೇಳಿದ್ದರು.

"ಅದು ನಮ್ಮ ಗಿಡ ಅಲ್ಲ ಸರ್," ಅಂದಳು. "ನಾನು ಬರೆಯುವುದಿಲ್ಲ."

ಅದೇ ವಾರ ಮುಖ್ಯಸ್ಥರೂ ಫೋನ್ ಮಾಡಿದರು. ಹುಡುಗಿ ನಮ್ಮ ಮೇಲಿನ ಕೋಪಕ್ಕೆ ಹಠ ಮಾಡುತ್ತಿದ್ದಾಳೆ, ಭವಿಷ್ಯ ಹಾಳುಮಾಡಿಕೊಳ್ಳುತ್ತಾಳೆ, ನೀವೊಂದು ಮಾತು ಹೇಳಿ ಎಂದರು. ದನಿಯಲ್ಲಿ ತಂದೆಯ ಹಾಗೆ ಕಾಳಜಿ ಇತ್ತು, ಅದನ್ನು ಕೇಳಿ ನನಗೆ ಇನ್ನೂ ಸಿಟ್ಟು ಬಂತು. ಆದರೂ ಫೋನ್ ಇಟ್ಟ ಮೇಲೆ ಅನುಮಾನ ನನ್ನನ್ನು ಬಿಡಲಿಲ್ಲ. ಎಳೆಯದಾಗಿರುವಾಗ ಆ ಗಿಡಕ್ಕೂ ಗದ್ದೆಯ ಕೆಲವು ಕಳೆಗಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಆಕೆ ಸಿಟ್ಟಿನಲ್ಲಿ ನೋಡಿರಬಹುದು. ಒಂದು ವೇಳೆ ಅದು ನಿಜವಾದ ಗಿಡವೇ ಆಗಿದ್ದರೆ? ಹಾಗಿದ್ದರೆ ಗಿಡವೂ ಉಳಿಯುತ್ತದೆ, ಆಕೆಯ ಪ್ರಬಂಧವೂ ಉಳಿಯುತ್ತದೆ, ನನ್ನ ಸಿಟ್ಟಿಗೆ ಮಾತ್ರ ಕೆಲಸ ಇರುವುದಿಲ್ಲ. ಹಾಗೇ ಆಗಲಿ ಎಂದು ನಾನು ಮನಸಾರೆ ಬಯಸಿದೆ.

ತೊಟ್ಟಿಯ ಗಿಡ ಬಲಿಯುವ ತನಕ ಆಕೆ ಕಾಯಲಿಲ್ಲ. ವಿಷಯ ಬಿಟ್ಟಳು, ವಿಭಾಗವನ್ನೂ ಬಿಟ್ಟಳು. ಈಗ ವಿಟ್ಲದ ಹತ್ತಿರ ಒಂದು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ.

ಮಳೆ ನಿಂತ ಮೇಲೆ ಒಂದು ಭಾನುವಾರ ನಾನು ಮೂಡುಬಿದಿರೆಗೆ ಹೋದೆ. ಕಾವಲುಗಾರರಿಗೆ ನನ್ನ ಗುರುತಿತ್ತು, ಒಳಗೆ ಬಿಟ್ಟರು. ತೊಟ್ಟಿಯ ಸುತ್ತ ಕಬ್ಬಿಣದ ಬೇಲಿ, ಮುಂದೆ ಗ್ರಾನೈಟಿನ ಫಲಕ, ಫಲಕದಲ್ಲಿ ಉದ್ಘಾಟಕರ ಹೆಸರು. ಬೇಲಿಯ ಸಂದಿಯಿಂದ ಕೈ ಹಾಕಿ ಒಂದು ಬುಡ ಕಿತ್ತು ತೆಗೆದೆ. ಜರೀಗಿಡಗಳ ನೆಂಟರು ಯಾವ ಕಾಲಕ್ಕೂ ಹೂ ಬಿಡುವುದಿಲ್ಲ. ನನ್ನ ಕೈಯಲ್ಲಿದ್ದ ಗಿಡದ ಪ್ರತಿ ಕಡ್ಡಿಯ ತುದಿಯಲ್ಲೂ ಕಂದು ಬಣ್ಣದ ಹೂತೆನೆ ಇತ್ತು.