ಕೈ ಹೋದಲ್ಲಿ ಹಿಡಿಕೆ

"ಇಷ್ಟು ಹೊತ್ತಿಗೇ ಬರಬೇಕಾ ಕಂಡಕ್ಟರಣ್ಣ? ಗೋಡೆ ಎಲ್ಲಿಗೂ ಓಡಿಹೋಗಲ್ಲ."

ಆಕಳಿಸುತ್ತಲೇ ಬಾಗಿಲು ತೆಗೆಯುತ್ತಾರೆ ಮನೆಯ ಮಗಳು. ಹೊರಗೆ ಇನ್ನೂ ನಸುಕು.

"ಗೋಡೆ ಓಡಲ್ಲಮ್ಮ. ನಿಮ್ಮಮ್ಮನ ನಿದ್ದೆಗಣ್ಣು ಓಡಿಹೋಗುತ್ತೆ," ಎನ್ನುತ್ತಾ ಅವರು ಚಪ್ಪಲಿ ಬಿಟ್ಟು ಒಳಬರುತ್ತಾರೆ. ಒಂದು ಕೈಯಲ್ಲಿ ಡ್ರಿಲ್ಲಿಂಗ್ ಮೆಷಿನ್ನಿನ ಚೀಲ, ಇನ್ನೊಂದರಲ್ಲಿ ಸೀಮೆಸುಣ್ಣದ ಪುಡಿಯ ಡಬ್ಬಿ.

ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವರು. ಬಸ್ಸು ಬಿಟ್ಟರೂ ಕಂಡಕ್ಟರ್ ಎಂಬ ಹೆಸರು ಅವರನ್ನು ಬಿಟ್ಟಿಲ್ಲ. ಹನ್ನೊಂದು ವರ್ಷಗಳಿಂದ ಅವರ ಕೆಲಸ, ವಯಸ್ಸಾದವರಿರುವ ಮನೆಗಳಲ್ಲಿ ಸ್ಟೀಲಿನ ಹಿಡಿಕೆ ಕೂರಿಸುವುದು. ವಾರಕ್ಕೆ ಒಂದೋ ಎರಡೋ ಮನೆ. ಲೆಕ್ಕ ಆರುನೂರು ದಾಟಿದೆ. ಅಳತೆಯ ಟೇಪು ಚೀಲದಲ್ಲಿದ್ದರೂ ಮೊದಲು ಹೊರಬರುವುದು ಡಬ್ಬಿ. ಎದ್ದ ಕೂಡಲೇ ಹಿರಿಯರ ಅಂಗೈಗೆ ಪುಡಿ ಸವರಿ, ದಿನದಂತೆ ಬಚ್ಚಲಿಗೆ ನಡೆಯಲು ಹೇಳುತ್ತಾರೆ. ಮುಟ್ಟದೆ, ಆದರೆ ಹಿಡಿಯಲು ಸಿದ್ಧವಾಗಿ, ಪಕ್ಕದಲ್ಲೇ ನಡೆಯುತ್ತಾರೆ. ಬಿಳಿ ಗುರುತು ಮೂಡಿದಲ್ಲಿ ಹಿಡಿಕೆ.

"ಬ್ರೇಕ್ ಹಾಕಿದಾಗ ಯಾರೂ ಯೋಚನೆ ಮಾಡಿ ಕಂಬಿ ಹಿಡಿಯಲ್ಲ. ಕೈ ತಾನೇ ಹೋಗುತ್ತೆ. ಹಗಲು ಬಂದ್ರೆ ಏನು ಪ್ರಯೋಜನ? ಬಂದವರ ಎದುರು ಎಲ್ಲರೂ ಮದುಮಗನ ಹಾಗೆ ನೆಟ್ಟಗೆ ನಡೀತಾರೆ."

ಈ ಪಾಠ ಪೂರ್ತಿ ಬಸ್ಸಿನಲ್ಲಿ ಕಲಿತದ್ದಲ್ಲ. ಅವರ ತಾಯಿ ದಿನವೂ ಕೈ ಊರಿ ನಡೆದು ನಡೆದು, ಗೋಡೆಯ ಮೇಲೆ ಅಂಗೈಯಗಲ ಜಿಡ್ಡಿನ ಕಲೆಯಾಗಿತ್ತು. ರಜೆಯಲ್ಲಿ ಮಗ ಅದಕ್ಕೆ ಸುಣ್ಣ ಬಳಿದು, ಎದುರು ಗೋಡೆಗೆ, ತನ್ನ ಎತ್ತರಕ್ಕೆ, ಹೊಸ ಹಿಡಿಕೆ ಜಡಿದರು. ಇನ್ನು ಗೋಡೆ ಕೊಳೆ ಮಾಡಬೇಡ ಎಂದೂ ಗದರಿದರು. ಮಾತು ಮೀರದ ತಾಯಿ ಹಿಡಿಕೆ ಮುಟ್ಟಲು ಗೋಡೆ ಬಿಟ್ಟು, ಎರಡು ಹೆಜ್ಜೆಯ ದಾರಿಯಲ್ಲಿ ಬಿದ್ದರು. ಸೊಂಟ ಮುರಿದವರು ಮತ್ತೆ ಏಳಲಿಲ್ಲ.

ಇವತ್ತಿನ ಮನೆಯ ಅಮ್ಮನಿಗೆ ಎಂಬತ್ತೆರಡು. ಹೊಲಿಗೆ ಮಿಷನ್ ತುಳಿದೇ ಮಗಳನ್ನು ಓದಿಸಿದವರು. ಎರಡು ತಿಂಗಳ ಹಿಂದೆ ಕೋಣೆಗೂ ಬಚ್ಚಲಿಗೂ ನಡುವಿನ ಹಾದಿಯಲ್ಲಿ ಬಿದ್ದ ಮೇಲೆ ಹಾಸಿಗೆ ಪಕ್ಕಕ್ಕೆ ಮಲಮೂತ್ರದ ಪ್ಯಾನು ಬಂದಿದೆ. ಒಬ್ಬಳೇ ಬಚ್ಚಲಿಗೆ ಹೋಗುವಷ್ಟು ಮಾನ ಉಳಿಸಿಕೊಡಪ್ಪ ಎಂದು ಕಂಡಕ್ಟರನ್ನು ಕರೆಸಿದವರು ಅವರೇ. ಇವತ್ತು ನಡೆದು ತೋರಿಸಿದರೆ ಪ್ಯಾನು ಅಟ್ಟಕ್ಕೆ, ಇಲ್ಲವಾದರೆ ಹಾಸಿಗೆಯೇ ಗತಿ ಎಂದು ಮಗಳು ಖಡಾಖಂಡಿತವಾಗಿ ಹೇಳಿದ್ದಾರೆ.

ಅಮ್ಮ ಹೊರಡುತ್ತಾರೆ. ಬಾಗಿಲ ಚೌಕಟ್ಟಿಗೊಂದು ಗುರುತು, ನೀಲಿ ಗೋಡೆಗೆ ಸ್ವಿಚ್ಚಿನ ಕೆಳಗೊಂದು. ಹಾದಿಯ ನಡುವೆ ಎಡಗೈ ಗೋಡೆ ಬಿಟ್ಟು ಬರಿಗಾಳಿಗೆ ಚಾಚುತ್ತದೆ. ಮೈ ವಾಲುತ್ತದೆ. ಕಂಡಕ್ಟರ್ ಮೊಣಕೈ ಹಿಡಿದುಕೊಳ್ಳುತ್ತಾರೆ.

"ನೋಡಿದ್ರಾ?" ಎನ್ನುತ್ತಾರೆ ಮಗಳು.

"ಇಲ್ಲೇನಿತ್ತಮ್ಮ?"

ಅಪ್ಪನ ಕುರ್ಚಿ ಎನ್ನುತ್ತಾರೆ ಮಗಳು. ಅವರು ತೀರಿಹೋದ ಮೇಲೆ, ನೋಡಿದರೆ ಅಮ್ಮನಿಗೆ ಸಂಕಟವೆಂದು ಅಟ್ಟಕ್ಕೆ ಹಾಕಿಸಿದ್ದರಂತೆ.

"ಅವರ ಭುಜ ಹಿಡ್ಕೊಂಡೇ ದಾಟ್ತಿದ್ದೆ," ಎನ್ನುತ್ತಾರೆ ಅಮ್ಮ, ಬಿಳಿಯಾದ ಅಂಗೈ ನೋಡುತ್ತಾ. "ಸುಂಕ ಕಟ್ಟಿ ಹೋಗು ಅನ್ನೋರು. ಪೇಪರಿಂದ ತಲೆ ಎತ್ತದೇ."

"ಅವರನ್ನ ತರೋಕಾಗಲ್ಲಮ್ಮ. ಕುರ್ಚಿ ತರಬಹುದು."

ಅಟ್ಟದಿಂದ ಇಳಿದ ಮರದ ಕುರ್ಚಿ ಹಳೆಯ ಜಾಗಕ್ಕೆ ಬರುತ್ತದೆ. ಜರುಗದಂತೆ ನಾಲ್ಕೂ ಕಾಲಿಗೆ ಕಬ್ಬಿಣದ ಪಟ್ಟಿ, ನೆಲಕ್ಕೆ ಸ್ಕ್ರೂ. ಗುರುತುಗಳಿದ್ದಲ್ಲಿ ಹಿಡಿಕೆ ಕೂರುವಷ್ಟರಲ್ಲಿ ಬಿಸಿಲು ಹಾದಿಗೆ ಬಂದಿರುತ್ತದೆ. ಅಂಗೈಗೆ ಇನ್ನೊಮ್ಮೆ ಪುಡಿ ಸವರಿಸಿಕೊಂಡು ಅಮ್ಮ ಮತ್ತೆ ಹೊರಡುತ್ತಾರೆ. ಮಗಳ ಕೈಗಳು ಮುಂದೆ ಚಾಚಿಯೇ ಇವೆ. ಚೌಕಟ್ಟು, ಸ್ವಿಚ್ಚು, ಕುರ್ಚಿಯ ಬೆನ್ನು. ಅಲ್ಲಿ ಒಂದು ಗಳಿಗೆ ಹೆಚ್ಚೇ ನಿಂತು, ಬಚ್ಚಲು ಸೇರಿ, ತಾವೇ ಬಾಗಿಲು ಮುಚ್ಚಿಕೊಳ್ಳುತ್ತಾರೆ.

"ನಮ್ಮನೇಲಿ ಅಮ್ಮನ ಕೈ ಗುರುತಿನ ಮೇಲೆ ನಾನೇ ಸುಣ್ಣ ಬಳಿದಿದ್ದೆ. ಕೆರೆದ್ರೆ ಆ ಕೈ ಸಿಗುತ್ತೇನೋ ಅಂತ ಆಮೇಲೆ ಕೆರೆದೂ ನೋಡಿದೆ," ಎನ್ನುತ್ತಾರೆ ಕಂಡಕ್ಟರ್, ಸ್ಕ್ರೂಗಳನ್ನು ಚೀಲಕ್ಕೆ ತುಂಬುತ್ತಾ. "ಗಾರೆ ಸಿಕ್ತು."

ಮಗಳು ಒದ್ದೆ ಬಟ್ಟೆ ತಂದು ಚೌಕಟ್ಟು ಒರೆಸುತ್ತಾರೆ, ಸ್ವಿಚ್ಚಿನ ಕೆಳಗೆ ಒರೆಸುತ್ತಾರೆ. ಕುರ್ಚಿಯ ಬೆನ್ನಿನ ಮೇಲೆ ಐದು ಬೆರಳು ಬಿಳಿಯಾಗಿ ಮೂಡಿವೆ. ಅದರ ಮುಂದೆ ನಿಂತವರು, ಬಟ್ಟೆ ಮಡಚಿಕೊಂಡು ಅಡುಗೆಮನೆಗೆ ಹೋಗುತ್ತಾರೆ.