ಹಗೇವಿನ ಕಲ್ಲು

ಇದನ್ನು ಬರೆಯಬೇಕೆಂದು ಕೂತು, ಕನ್ನಡಕ ಸರಿಯಿಲ್ಲ ಎಂದು ನೆಪ ಹೇಳಿ ಎಷ್ಟೋ ಸಲ ಎದ್ದವನು ನಾನು. ಮೊನ್ನೆ ವಿದ್ಯಾರಣ್ಯಪುರದ ಬಂಕಿನಲ್ಲಿ ನೆಪಗಳು ಮುಗಿದವು. ಸ್ಕೂಟರಿಗೆ ಪೆಟ್ರೋಲ್ ಹಾಕುತ್ತಿದ್ದವನು, "ಇದ್ರಲ್ಲಿ ಕಬ್ಬಿನ ಸ್ಪಿರಿಟ್ ಸೇರ್ಸಿರ್ತಾರೆ ಯಜಮಾನ್ರೇ" ಎಂದ. "ನಾನು ಎಪ್ಪತ್ತರ ದಶಕದಲ್ಲೇ ಹೇಳಿದ್ದೆ ಕಣಯ್ಯಾ" ಎಂದು ಎದೆಯುಬ್ಬಿಸಿದೆ. ಹೇಳಿದ್ದು ನಿಜ. ಹೇಳಿ ಮಾಡಿದ್ದನ್ನು ನಿಮಗೆ ಹೇಳುತ್ತೇನೆ.

ಆಗ ಪುಟ್ಟೇನಹಳ್ಳಿ ಕೆರೆಯ ಕೆಳಗೆ ನಮ್ಮ ಜಮೀನು. ಅಣ್ಣ ತೀರಿಕೊಂಡ ಮೇಲೆ ಬೇಸಾಯವೆಲ್ಲ ಅತ್ತಿಗೆಯದು, ನನ್ನ ಹೆಂಡತಿ ಮಕ್ಕಳೂ ಅದೇ ಮನೆಯಲ್ಲಿ. ಎಸ್ಸೆಸ್ಸೆಲ್ಸಿ ಪಾಸಾಗಿ ಯಶವಂತಪುರದ ಕಾರ್ಖಾನೆ ಸೇರಿದ್ದ ನನ್ನದು ಬರೀ ಉಪದೇಶ. ಕಬ್ಬಿನಿಂದ ಬಸ್ಸು ಓಡಿಸಬಹುದೆಂದು ಪೇಪರಿನಲ್ಲಿ ಓದಿದ್ದೇ ತಡ, ದಲ್ಲಾಳಿಯೊಬ್ಬನನ್ನು ಊರಿಗೆ ಕರೆತಂದೆ. ಸ್ಪಿರಿಟ್ ಕಾರ್ಖಾನೆ ಇಲ್ಲೇ ಬರುತ್ತದೆ ಎಂದ ಅವನು. ಕೆರೆ ಕೆಳಗಿನ ರಾಗಿಯೆಲ್ಲ ಕಬ್ಬಾಯಿತು, ನಮ್ಮದೂ.

ಅಷ್ಟಕ್ಕೆ ಬಿಟ್ಟೆನೇ? ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಅಂಟು ಕಾಕಂಬಿ, ಸ್ಪಿರಿಟ್ಟಿಗೆ ಮೂಲ. ಅದನ್ನು ಲಾರಿಯಲ್ಲಿ ತರುತ್ತೇನೆ, ಕೂಡಿಡಲು ಬಾಡಿಗೆಗೆ ಜಾಗ ಬೇಕು ಎಂದ ದಲ್ಲಾಳಿ. ನನ್ನ ಕಣ್ಣು ಹಗೇವುಗಳ ಮೇಲೆ ಬಿತ್ತು. ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಮಣ್ಣಿನ ಗುಂಡಿ ಕಾಕಂಬಿಯನ್ನು ಕುಡಿದೇಬಿಡುತ್ತದೆಂಬ ಬುದ್ಧಿ ನನಗೆಲ್ಲಿ! ನನ್ನ ಮಾತು ಕೇಳಿ ಊರವರು ರಾಗಿ ಮಾರಿ ಹಗೇವು ಬರಿದು ಮಾಡಿದರು. ನಮ್ಮದಕ್ಕೆ ಆಳುಗಳನ್ನು ಕರೆತಂದರೆ, ಅತ್ತಿಗೆ ಎಲೆ ಅಡಿಕೆ ಹಾಕಿಕೊಂಡು ಮುಚ್ಚಳದ ಕಲ್ಲಿನ ಮೇಲೆ ಕೂತೇಬಿಟ್ಟರು.

"ಏಳಿ ಅತ್ತಿಗೆ, ಜನ ನೋಡ್ತಾವ್ರೆ."

"ನೋಡ್ಲಿ. ಕಣ್ಣಿರೋದೇ ಅದ್ಕೆ."

"ಲೋಕ ಮುಂದಕ್ಕೋಗ್ತಾ ಐತೆ. ಬಸ್ಸಿಗೆ ಮುದ್ದೆ ತಿನ್ಸೋಕಾಗುತ್ತಾ?"

"ಬಸ್ಸು ಅಸ್ಕೊಂಡ್ರೆ ಸುಮ್ನೆ ನಿಂತ್ಕತದೆ ಕಣಪ್ಪ. ಮಕ್ಕಳು ನಿಂತ್ಕತವಾ?"

ಆಳುಗಳು ನಕ್ಕರು. ನನಗೆ ಉರಿದುಹೋಯಿತು. "ಮಕ್ಕಳಿಲ್ಲದೋರಿಗೆ ಮಕ್ಕಳ ಚಿಂತೆ!" ಎಂದುಬಿಟ್ಟೆ.

ಅತ್ತಿಗೆ ಎಲೆ ಜಗಿಯುವುದನ್ನು ನಿಲ್ಲಿಸಿದರು. ಆದರೆ ಏಳಲಿಲ್ಲ.

ಕಾರ್ಖಾನೆ ಬರಲಿಲ್ಲ, ದಲ್ಲಾಳಿಯೂ ತಿರುಗಿ ನೋಡಲಿಲ್ಲ. ಕಬ್ಬು ಬಲಿತು, ಸೂಲಂಗಿ ಹೂ ಬಿಟ್ಟು ಬೆಳ್ಳಗೆ ತೂಗಿತು. ಅರೆಯಲು ಹತ್ತಿರದಲ್ಲೊಂದು ಆಲೆಮನೆಯೂ ಇರಲಿಲ್ಲ. ಎಲ್ಲರ ಮನೆಯಲ್ಲೂ ಅಗಿಯಲು ಕಬ್ಬಿತ್ತು, ಮುದ್ದೆಗೆ ಹಿಟ್ಟಿರಲಿಲ್ಲ.

ಆಗ ಅತ್ತಿಗೆ ತಾವಾಗಿಯೇ ಕಲ್ಲು ಸರಿಸಿದರು. ಕೆಟ್ಟ ಗಾಳಿ ಹೋಗಲು ಬಿಟ್ಟು, ಲಾಟೀನು ಇಳಿಸಿ, ಅದು ಆರದೆ ಉರಿದದ್ದನ್ನು ನೋಡಿ ಆಳನ್ನಿಳಿಸಿದರು. ಮೇಲೆ ಬಂದ ರಾಗಿ ಎಣ್ಣೆ ಸವರಿದಂತೆ ಮಿನುಗುತ್ತಿತ್ತು. ಇಡೀ ಊರು ಮೊರ, ಪುಟ್ಟಿ, ಸೆರಗು ಒಡ್ಡಿ ನಿಂತಿತ್ತು. ಅಳೆಯುವಾಗ ನಮ್ಮಲ್ಲಿ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. "ಲಾಭ!" ಎಂದು ಅತ್ತಿಗೆ ಕೂಗಿದ್ದು ಕೆರೆ ಏರಿಗೂ ಕೇಳಿರಬೇಕು. ಯಾರೋ ಶಿಳ್ಳೆ ಹೊಡೆದರು, ಯಾರೋ ತಮಟೆ ತಂದರು. ಹಬ್ಬವೇ ಆಗಿಹೋಯಿತು.

ಆ ಲಾಭದ ಕೊಳಗ ಬಿದ್ದದ್ದು ನನ್ನ ಟವೆಲ್ಲಿಗೆ. "ಸರ್ಯಾಗಿ ಇಡ್ಕಳಪ್ಪ, ಚೆಲ್ಬ್ಯಾಡ. ನಮ್ ಮಕ್ಕಳು ಅಸ್ಕೊಂಡವೆ" ಎಂದರು. ನಿನ್ನ ಮಕ್ಕಳು ಎನ್ನಲಿಲ್ಲ.

ಕಬ್ಬು ಕೆಟ್ಟದ್ದೆನ್ನಲಾರೆ, ಮೊನ್ನೆ ನನ್ನ ಸ್ಕೂಟರೂ ಅದನ್ನೇ ಕುಡಿದು ಮನೆ ಮುಟ್ಟಿತು. ರಾತ್ರಿ ಮೊಮ್ಮಗಳು ತಟ್ಟೆಗೆ ಮುದ್ದೆ ಇಟ್ಟಾಗ "ಲಾಭ!" ಎಂದೆ. "ಏನ್ ತಾತಾ ಅದು?" ಎಂದಳು. ಎಲ್ಲ ಹೇಳಿದೆ, ನಾನಾಡಿದ ಆ ಮಾತನ್ನೂ ಬಿಡದೆ. ಅವಳು, "ಆ ಅಜ್ಜಿ ಹೆಸ್ರೇನು?" ಎಂದಳು. ಅತ್ತಿಗೆ ಎಂದೇ ಕರೆದು ರೂಢಿ. ತಪ್ಪಾಯಿತು ಎಂದು ಒಮ್ಮೆಯೂ ಹೇಳದೆಯೇ ನಾನು ಮಣ್ಣು ಮಾಡಿ ಬಂದ ಅವರ ಹೆಸರನ್ನು ಅಂದು ಮೊದಲ ಬಾರಿಗೆ ಗಟ್ಟಿಯಾಗಿ ಹೇಳಿದೆ: ಪಿಳ್ಳಮ್ಮ.